ತಪ್ಪು ಉತ್ತರ ಬಂದಾಗ

ಬಹಳ ವರ್ಷಗಳ ಹಿಂದೆ, ನಾನು ಅಧ್ಯಾಪಕನಾಗಿದ್ದ ಪ್ರೌಢಶಾಲೆಯೊಂದರಲ್ಲಿ ರಸಪ್ರಶ್ನೆ ಸ್ಪರ್ಧೆಯನ್ನು ನಡೆಸುವ ಹೊಣೆ ನನ್ನ ಪಾಲಿಗೆ ಬಂದಿತು. ದೂರದರ್ಶನದಲ್ಲಿ ಕಂಡ ನಿರೂಪಕರ ಗತ್ತು ಆ ದಿನಗಳಲ್ಲಿ ನನ್ನ ತಲೆಯನ್ನು ತುಂಬಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಪ್ರಶ್ನೆಗಳ ಚೀಟಿ ಹಿಡಿದು ವೇದಿಕೆಯ ನಡುವೆ ನಿಂತೆ. ಕಾವೇರಿ ನದಿಯು ಯಾವ ಸಮುದ್ರವನ್ನು ಸೇರುತ್ತದೆ ಎಂಬುದು ಒಂದು ಪ್ರಶ್ನೆ. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ಸ್ವಲ್ಪ ಯೋಚಿಸಿ, “ಅರಬ್ಬೀ ಸಮುದ್ರ, ಸಾರ್” ಎಂದ. ನಾನು ಸಭೆಯತ್ತ ತಿರುಗಿ, “ನೋಡಿದಿರಾ, ನಮ್ಮ ಹುಡುಗ ನದಿಯನ್ನೇ ಹಿಂದಕ್ಕೆ ಹರಿಸಿಬಿಟ್ಟ!” ಎಂದೆ. ಇಡೀ ಶಾಲೆ ಗೊಳ್ಳೆಂದು ನಕ್ಕಿತು. ಹುಡುಗನೂ ನಕ್ಕ, ಆದರೆ ಕುಳಿತ ಮೇಲೆ ತಲೆ ಎತ್ತಲಿಲ್ಲ. ಮರುವರ್ಷ ಸ್ಪರ್ಧೆಗೆ ಹೆಸರು ಕೊಡಿರೆಂದು ಕೇಳಿದಾಗ ಅವನು ಕೊಡಲಿಲ್ಲ.

ಆ ಹಾಸ್ಯ ನನ್ನ ಸ್ವಂತದ್ದಾಗಿರಲಿಲ್ಲ. ಪರದೆಯ ಮೇಲೆ ಕಂಡ ಯಾರದೋ ಧಾಟಿಯನ್ನು ಎರವಲು ತಂದಿದ್ದೆ. ಅಂದಿನಿಂದ ಯಾವ ದೇಶದ ರಸಪ್ರಶ್ನೆ ಕಾರ್ಯಕ್ರಮವನ್ನು ನೋಡಿದರೂ, ಅದರ ಬಗ್ಗೆ ಓದಿದರೂ, ನನ್ನ ಗಮನ ಗೆದ್ದವರ ಕಡೆಗೆ ಹೋಗುವುದಿಲ್ಲ. ತಪ್ಪು ಉತ್ತರ ಬಂದ ಮರುಕ್ಷಣ ಪ್ರಶ್ನೆ ಕೇಳಿದಾತ ಏನು ಮಾಡುತ್ತಾನೆ ಎಂಬುದರ ಕಡೆಗೆ ಹೋಗುತ್ತದೆ. ಇಂಥ ಕಾರ್ಯಕ್ರಮಗಳಲ್ಲಿ ದೇಶದಿಂದ ದೇಶಕ್ಕೆ ಇರುವ ನಿಜವಾದ ಅಂತರ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಆಟಗಳಲ್ಲಿ ಅಂತರ ಬಹಳವಿಲ್ಲ. ಒಂದು ದೇಶದಲ್ಲಿ ಜನಪ್ರಿಯವಾದ ಆಟವನ್ನು ಬೇರೆ ದೇಶದವರು ಹಣ ಕೊಟ್ಟು ಕೊಳ್ಳುತ್ತಾರೆ. 1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಕಾರ್ಯಕ್ರಮ ಕ್ರಿಸ್ ಟ್ಯಾರಂಟ್ ಅವರ ನಿರೂಪಣೆಯಲ್ಲಿ ಆರಂಭವಾಯಿತು. ಹದಿನೈದು ಪ್ರಶ್ನೆಗಳ ಏಣಿ, ನಾಲ್ಕು ಉತ್ತರಗಳಲ್ಲಿ ಒಂದರ ಆಯ್ಕೆ, ಸಂಕಟದಲ್ಲಿ ನೆರವಾಗಲು ಮೂರು ಸಹಾಯಗಳು. ಮರುವರ್ಷವೇ ಅದು ಅಮೆರಿಕಕ್ಕೂ ರಷ್ಯಕ್ಕೂ ಹೋಯಿತು. 2000ದಲ್ಲಿ ಜಪಾನಿಗೂ ಭಾರತಕ್ಕೂ ಬಂದಿತು. ಆಟದೊಂದಿಗೆ ದಪ್ಪನೆಯ ಕೈಪಿಡಿಯೂ ಬರುತ್ತಿತ್ತು. ಎತ್ತರದ ಕುರ್ಚಿಗಳು ಹೇಗಿರಬೇಕು, ದೀಪಗಳು ಯಾವಾಗ ಮೇಲಿನಿಂದ ಕೆಳಕ್ಕೆ ಬಾಗಬೇಕು, ಎದೆಬಡಿತದಂಥ ಸಂಗೀತ ಎಲ್ಲಿ ಏರಬೇಕು ಎಂಬುದೆಲ್ಲ ಮೊದಲೇ ನಿಶ್ಚಿತ. ಹೀಗೆ ಅಚ್ಚಿನಲ್ಲಿ ಎರಕ ಹೊಯ್ದಂತೆ ತಯಾರಾದರೂ ಮುಂಬಯಿಯ ಕಾರ್ಯಕ್ರಮ ಲಂಡನ್ನಿನದರಂತೆ ಇರಲಿಲ್ಲ. ಟೋಕಿಯೋದ್ದು ನ್ಯೂಯಾರ್ಕಿನದರಂತೆ ಇರಲಿಲ್ಲ. ಜಪಾನಿನಲ್ಲಿ ಮಿನೋ ಮೊಂತಾ ಎಂಬ ನಿರೂಪಕರು ಉತ್ತರ ಸರಿಯೋ ತಪ್ಪೋ ಹೇಳದೆ ಸ್ಪರ್ಧಿಯ ಮುಖವನ್ನೇ ದಿಟ್ಟಿಸಿ ನೋಡುತ್ತ ಕುಳಿತುಬಿಡುತ್ತಿದ್ದರು. ಆ ದೀರ್ಘ ಮೌನವೇ ಅವರ ಕೀರ್ತಿಗೆ ಕಾರಣವಾಯಿತು. ಅದನ್ನು ಯಾವ ಕೈಪಿಡಿ ಕಲಿಸೀತು?

ದೂರದರ್ಶನದ ರಸಪ್ರಶ್ನೆಗೆ ವೈಭವವನ್ನು ತಂದುಕೊಟ್ಟವರು ಅಮೆರಿಕದವರು. 1955ರ ಜೂನ್ ತಿಂಗಳಿನಲ್ಲಿ ಅಲ್ಲಿ ಅರವತ್ತನಾಲ್ಕು ಸಾವಿರ ಡಾಲರಿನ ಪ್ರಶ್ನೆ ಎಂಬ ಕಾರ್ಯಕ್ರಮ ಪ್ರಾರಂಭವಾಯಿತು. ಸ್ಪರ್ಧಿಯನ್ನು ಗಾಜಿನ ಪುಟ್ಟ ಕೋಣೆಯೊಳಗೆ ನಿಲ್ಲಿಸುತ್ತಿದ್ದರು. ವೇದಿಕೆಯ ಮೇಲೆ ಬ್ಯಾಂಕಿನ ಅಧಿಕಾರಿಯೊಬ್ಬ, ಅವನ ಪಕ್ಕದಲ್ಲಿ ಬಂದೂಕುಧಾರಿ ಕಾವಲುಗಾರರು. ಎಲ್ಲವೂ ಪರಮ ಪ್ರಾಮಾಣಿಕವೆಂದು ಸಾರುವ ಏರ್ಪಾಡು! ಇದರ ಬೆನ್ನಿಗೇ 1956ರಲ್ಲಿ ‘ಟ್ವೆಂಟಿ ಒನ್’ ಎಂಬ ಇನ್ನೊಂದು ಕಾರ್ಯಕ್ರಮ ಬಂದಿತು. ಅದರಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬಾತ ವಾರವಾರವೂ ಗೆಲ್ಲುತ್ತಿದ್ದ. ಆದರೆ ಅವನಿಗೆ ಉತ್ತರಗಳನ್ನು ಮುಂಚಿತವಾಗಿಯೇ ಹೇಳಿಕೊಡಲಾಗುತ್ತಿತ್ತು. ಹಣೆಯ ಬೆವರನ್ನು ಹೇಗೆ ಒರಸಿಕೊಳ್ಳಬೇಕು ಎಂಬುದನ್ನೂ ಕಲಿಸಿದ್ದರು. ಬೆವರು ಬರಲೆಂದು ಕೋಣೆಯ ತಂಪು ಯಂತ್ರವನ್ನು ನಿಲ್ಲಿಸುತ್ತಿದ್ದರು. ಕೆಲವು ವಾರಗಳ ಅನಂತರ ಅವನು ಸೋಲಬೇಕೆಂದು ತಯಾರಕರು ತೀರ್ಮಾನಿಸಿದರು. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು ಯಾವುದು ಎಂಬ ಪ್ರಶ್ನೆಗೆ ‘ಮಾರ್ಟಿ’ ಎಂಬ ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮೆಚ್ಚಿ ಮತ್ತೆ ಮತ್ತೆ ನೋಡಿದ ಚಿತ್ರ ಅದು. ಆದರೂ ತಪ್ಪು ಹೆಸರನ್ನು ಹೇಳಬೇಕಾಯಿತು.

ಆತನ ಸ್ಥಾನಕ್ಕೆ ಬಂದವನು ಕೊಲಂಬಿಯಾ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್. ಕವಿಯ ಮಗ, ಸುಂದರ, ಸುಸಂಸ್ಕೃತ. ದೇಶವೇ ಅವನನ್ನು ಕೊಂಡಾಡಿತು. 1959ರ ನವೆಂಬರ್ 2ರಂದು ಆತ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ತನಗೂ ಉತ್ತರಗಳನ್ನು ಮೊದಲೇ ಕೊಟ್ಟಿದ್ದರೆಂದು ಒಪ್ಪಿಕೊಂಡ. ಮರುವರ್ಷ ಇಂಥ ಮೋಸವನ್ನು ಅಪರಾಧವೆಂದು ಸಾರುವ ಕಾನೂನು ಬಂದಿತು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ವ್ಯಾನ್ ಡೋರನ್ನನ ಪತನವಲ್ಲ. ಗೊತ್ತಿದ್ದ ಉತ್ತರವನ್ನು ನುಂಗಿಕೊಂಡು, ಲಕ್ಷಾಂತರ ಜನರೆದುರು ತಿಳಿಯದವನಂತೆ ನಿಂತ ಸ್ಟೆಂಪೆಲ್ಲನ ಸ್ಥಿತಿ. ಒಬ್ಬ ಗೆಲ್ಲುವುದು ಇನ್ನೊಬ್ಬ ಸೋಲುವುದು ನೋಟಕ್ಕೆ ಚೆನ್ನಾಗಿರಬೇಕು ಎಂಬುದೇ ಮುಖ್ಯವಾದಾಗ ಅರಿವಿಗೂ ಅಜ್ಞಾನಕ್ಕೂ ಬೆಲೆ ಇಲ್ಲದಂತಾಗುತ್ತದೆ. ಹಾಗೆಂದು ಅಮೆರಿಕದವರೆಲ್ಲ ಹೀಗೆಯೇ ಎಂದು ತಿಳಿಯಬಾರದು. ಆ ಹಗರಣದ ನೆರಳಿನಲ್ಲಿಯೇ 1964ರಲ್ಲಿ ‘ಜೆಪರ್ಡಿ’ ಎಂಬ ಕಾರ್ಯಕ್ರಮ ಹುಟ್ಟಿತು. ಉತ್ತರವನ್ನು ಮೊದಲೇ ಕೊಟ್ಟರೆಂಬುದು ತಾನೆ ದೂರು? ಇಲ್ಲಿ ಎಲ್ಲರೆದುರಿಗೇ ಉತ್ತರವನ್ನು ಕೊಟ್ಟು, ಅದಕ್ಕೆ ತಕ್ಕ ಪ್ರಶ್ನೆಯನ್ನು ಸ್ಪರ್ಧಿಯಿಂದ ಕೇಳುತ್ತಾರೆ! 1984ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿಕೊಟ್ಟ ಅಲೆಕ್ಸ್ ಟ್ರಿಬೆಕ್ ಮಿತಭಾಷಿ. ಉತ್ತರ ತಪ್ಪಾದರೆ ಕುಣಿತವಿಲ್ಲ, ಕೀಟಲೆಯಿಲ್ಲ. ಮೃದುವಾಗಿ ಅಲ್ಲವೆಂದು ಹೇಳಿ ಮುಂದಕ್ಕೆ ಸಾಗುತ್ತಿದ್ದರು. ಅವರು ಹುಟ್ಟಿದ್ದು ಕೆನಡಾದಲ್ಲಿ ಎಂಬುದನ್ನು ಸೇರಿಸಬೇಕೇನೊ!

ಬ್ರಿಟನ್ನಿನ ಜನ ಬಹುಕಾಲ ದೊಡ್ಡ ಬಹುಮಾನವನ್ನು ಅನುಮಾನದಿಂದ ಕಂಡರು. ಖಾಸಗಿ ವಾಹಿನಿಗಳು ಎಷ್ಟು ಬೆಲೆಯ ಬಹುಮಾನ ಕೊಡಬಹುದೆಂಬುದಕ್ಕೆ ಅಲ್ಲಿ 1990ರ ದಶಕದವರೆಗೂ ಮಿತಿಯಿತ್ತು. ಆ ದೇಶದ ರಸಪ್ರಶ್ನೆಗಳಲ್ಲಿ ನಾನು ಹೆಚ್ಚಾಗಿ ಗೌರವಿಸುವುದು 1972ರಲ್ಲಿ ಬಿಬಿಸಿಯಲ್ಲಿ ಪ್ರಾರಂಭವಾದ ‘ಮಾಸ್ಟರ್‌ಮೈಂಡ್’ ಅನ್ನು. ಅದನ್ನು ರೂಪಿಸಿದ ಬಿಲ್ ರೈಟ್ ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ಯೋಧನಾಗಿದ್ದು ಜರ್ಮನರ ಕೈಗೆ ಸೆರೆಸಿಕ್ಕಿದವನು. ಕತ್ತಲೆಯ ಕೋಣೆ, ಮುಖದ ಮೇಲೆ ಬೀಳುವ ಬೆಳಕು, ಹೆಸರು, ಹುದ್ದೆ, ಸಂಖ್ಯೆ ಹೇಳೆಂದು ಒತ್ತಾಯಿಸುವ ಧ್ವನಿ: ಆ ವಿಚಾರಣೆಯ ನೆನಪೇ ಅವನ ಕೈಯಲ್ಲಿ ಆಟವಾಯಿತು. ಹೆಸರು, ಉದ್ಯೋಗ, ಆರಿಸಿಕೊಂಡ ವಿಷಯ ಎಂದು ಸ್ಪರ್ಧಿಯನ್ನು ಕೇಳುವ ಕ್ರಮ ಅಲ್ಲಿಂದ ಬಂದದ್ದು. ಕತ್ತಲೆಯ ನಡುವೆ ಒಂದು ಕಪ್ಪು ಕುರ್ಚಿ. ಅದರ ಮೇಲೆ ಒಂದೇ ದೀಪ.

ಇಷ್ಟು ಭಯಂಕರವಾದ ಏರ್ಪಾಡಿನಲ್ಲಿ ಪ್ರಶ್ನೆ ಕೇಳುವವರು ಕಠಿಣರಾಗಿರಬೇಕೆಂದು ನಾವು ಎಣಿಸುತ್ತೇವೆ. ಆದರೆ 1972ರಿಂದ 1997ರವರೆಗೆ ಆ ಕೆಲಸ ಮಾಡಿದ ಮ್ಯಾಗ್ನಸ್ ಮ್ಯಾಗ್ನುಸನ್ ಸೌಜನ್ಯದ ಮೂರ್ತಿ. ಐಸ್‌ಲೆಂಡಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದವರು. ಪ್ರಶ್ನೆಯ ನಡುವೆ ಸಮಯ ಮುಗಿದ ಗಂಟೆ ಬಾರಿಸಿದರೆ, ಶುರು ಮಾಡಿದ್ದೇನೆ, ಮುಗಿಸುತ್ತೇನೆ ಎಂದು ಹೇಳಿ ಪೂರ್ತಿ ಓದುತ್ತಿದ್ದರು. ಸ್ಪರ್ಧಿಗೆ ಉತ್ತರಿಸುವ ಅವಕಾಶ ತಪ್ಪುತ್ತಿರಲಿಲ್ಲ. ಗೊತ್ತಿಲ್ಲದವನು ‘ಪಾಸ್’ ಎನ್ನಬಹುದು. ಎರಡು ನಿಮಿಷ ಕಳೆದ ಮೇಲೆ, ಹಾಗೆ ಬಿಟ್ಟ ಪ್ರಶ್ನೆಗಳ ಉತ್ತರಗಳನ್ನು ಶಾಂತವಾಗಿ ಓದಿ ಹೇಳುತ್ತಿದ್ದರು. ಟೀಕೆಯಿಲ್ಲ, ಕನಿಕರವೂ ಇಲ್ಲ. ತಿಳಿಯದಿದ್ದುದು ಇದು, ಈಗ ತಿಳಿಯಿತು, ಅಷ್ಟೆ. ಲಂಡನ್ನಿನ ಟ್ಯಾಕ್ಸಿ ಚಾಲಕ ಫ್ರೆಡ್ ಹೌಸ್‌ಗೋ 1980ರಲ್ಲಿಯೂ, ಸುರಂಗ ರೈಲಿನ ಚಾಲಕ ಕ್ರಿಸ್ಟೋಫರ್ ಹ್ಯೂಸ್ 1983ರಲ್ಲಿಯೂ ಆ ಕುರ್ಚಿಯಲ್ಲಿ ಕುಳಿತು ಪ್ರಥಮರಾದರು. ವಿಜಯಿಗೆ ದೊರೆಯುತ್ತಿದ್ದುದು ಗಾಜಿನ ಒಂದು ಬಟ್ಟಲು.

ಬಹುಮಾನದ ವಿಚಾರ ಬಂದಾಗ ಒಂದು ಟೀಪಾಟಿನ ಕಥೆಯನ್ನೂ ಹೇಳಬೇಕು. ಫ್ರಾನ್ಸಿನಲ್ಲಿ 1965ರಲ್ಲಿ ಅಕ್ಷರಗಳನ್ನು ಜೋಡಿಸಿ ಅತ್ಯಂತ ಉದ್ದವಾದ ಪದವನ್ನು ರಚಿಸುವ ಆಟವೊಂದು ಆರಂಭವಾಯಿತು. 1972ರಲ್ಲಿ ಅದಕ್ಕೆ ಅಂಕಿಗಳ ಲೆಕ್ಕವೂ ಸೇರಿತು. ಫ್ರೆಂಚರು ತಮ್ಮ ಭಾಷೆಯ ವಿಚಾರದಲ್ಲಿ ಎಷ್ಟು ಗಂಭೀರರೊ ಆಟವೂ ಅಷ್ಟೇ ಗಂಭೀರ. ಅದನ್ನೇ ಆಂಗ್ಲರು ‘ಕೌಂಟ್‌ಡೌನ್’ ಎಂಬ ಹೆಸರಿನಲ್ಲಿ ತಂದರು. 1982ರ ನವೆಂಬರ್ 2ರಂದು ಅಲ್ಲಿಯ ‘ಚಾನೆಲ್ ಫೋರ್’ ತನ್ನ ಪ್ರಸಾರವನ್ನು ಆರಂಭಿಸಿದ್ದು ಈ ಕಾರ್ಯಕ್ರಮದಿಂದಲೇ. ಆದರೆ ಅಲ್ಲಿ ರಿಚರ್ಡ್ ವೈಟ್ಲಿ ಎಂಬ ನಿರೂಪಕರು ಸಪ್ಪೆಯಾದ ಶ್ಲೇಷೆಗಳನ್ನು ಹೇಳಿ ತಮ್ಮನ್ನೇ ನಗೆಪಾಟಲು ಮಾಡಿಕೊಳ್ಳುತ್ತಿದ್ದರು. ಸ್ಪರ್ಧಿ ತಪ್ಪಿದರೆ ಸಭೆ ಅವನನ್ನು ನೋಡಿ ನಗುವ ಪ್ರಸಂಗವೇ ಬರುತ್ತಿರಲಿಲ್ಲ. ನಗಲು ನಿರೂಪಕರು ಇದ್ದರಲ್ಲ! ಗೆದ್ದವನಿಗೆ ಅಂಗಡಿಯಲ್ಲಿ ಸಿಗದಂಥ ಒಂದು ಟೀಪಾಟು.

ಇದೇ ಬ್ರಿಟನ್ನು 2000ದ ಆಗಸ್ಟಿನಲ್ಲಿ ಬೇರೊಂದು ಮುಖವನ್ನೂ ತೋರಿಸಿತು. ‘ವೀಕೆಸ್ಟ್ ಲಿಂಕ್’ ಎಂಬ ಕಾರ್ಯಕ್ರಮದಲ್ಲಿ ಕಪ್ಪು ಉಡುಪಿನ ಆನ್ ರಾಬಿನ್ಸನ್ ಸ್ಪರ್ಧಿಗಳ ಬುದ್ಧಿಯನ್ನೂ ವೃತ್ತಿಯನ್ನೂ ವೇಷವನ್ನೂ ಮೂದಲಿಸುತ್ತಿದ್ದರು. ಪ್ರತಿ ಸುತ್ತಿನ ಕೊನೆಗೆ ಸ್ಪರ್ಧಿಗಳೇ ತಮ್ಮಲ್ಲಿ ಒಬ್ಬನನ್ನು ಮತ ಹಾಕಿ ಹೊರಹಾಕಬೇಕು. ಹಾಗೆ ಹೊರಬಿದ್ದವನಿಗೆ, ಸರಪಳಿಯ ದುರ್ಬಲ ಕೊಂಡಿ ನೀನೇ, ಹೋಗಿ ಬಾ ಎಂಬ ತಣ್ಣನೆಯ ಬೀಳ್ಕೊಡುಗೆ. ಆಂಗ್ಲ ವೀಕ್ಷಕರು ಇದನ್ನು ಒಂದು ಬಗೆಯ ನಾಟಕವೆಂದು ತಿಳಿದು ಆನಂದಿಸಿದರು. ಕೊನೆಯಲ್ಲಿ ಆಕೆ ಕಣ್ಣು ಮಿಟುಕಿಸುವುದೂ ಇತ್ತು. ಅನೇಕ ದೇಶಗಳು ಈ ಆಟವನ್ನು ಕೊಂಡವು. ಥಾಯ್ಲೆಂಡಿನಲ್ಲಿ 2002ರಲ್ಲಿ ಪ್ರಸಾರವಾದಾಗ ಅದು ಆ ನಾಡಿನ ನಡೆನುಡಿಗೆ ಹೊಂದುವುದಿಲ್ಲವೆಂದು ಸರ್ಕಾರದ ಕಡೆಯಿಂದಲೇ ಆಕ್ಷೇಪ ಬಂದಿತು. ಭಾರತದಲ್ಲಿ ನಟಿ ನೀನಾ ಗುಪ್ತಾ ಅವರು ಹಿಂದಿಯಲ್ಲಿ ಅದನ್ನು ನಡೆಸಿಕೊಟ್ಟರು, ಬಹುಕಾಲ ಬಾಳಲಿಲ್ಲ. ನಮ್ಮವರು ಮೂದಲಿಸುವುದೇ ಇಲ್ಲವೆಂದಲ್ಲ. ನಮ್ಮ ತರಗತಿಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಮನೆಗೆ ಬಂದ ಅತಿಥಿಯನ್ನು ಎಲ್ಲರೆದುರಿಗೆ ಹೀಯಾಳಿಸುವುದನ್ನು ನಡುಮನೆಯಲ್ಲಿ ಕುಳಿತು ನೋಡಲು ನಮಗೆ ಮುಜುಗರ.

ರಷ್ಯದ ಒಂದು ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳುವವನು ಕಾಣಿಸುವುದೇ ಇಲ್ಲ. ‘ಏನು? ಎಲ್ಲಿ? ಯಾವಾಗ?’ ಎಂಬ ಅರ್ಥದ ಹೆಸರಿನ ಈ ಆಟವನ್ನು ವ್ಲಾದಿಮಿರ್ ವರಾಶಿಲೋವ್ 1975ರಲ್ಲಿ ಆರಂಭಿಸಿದರು. ದುಂಡು ಮೇಜಿನ ಸುತ್ತ ಆರು ಮಂದಿ ಪಂಡಿತರು. ಮೇಜಿನ ಮೇಲೆ ವೀಕ್ಷಕರು ಬರೆದು ಕಳುಹಿಸಿದ ಪ್ರಶ್ನೆಗಳ ಲಕೋಟೆಗಳು. ನಡುವೆ ಒಂದು ಬುಗುರಿ. ಬುಗುರಿ ತಿರುಗಿ ನಿಂತು ಯಾವ ಲಕೋಟೆಯನ್ನು ತೋರಿಸುತ್ತದೆಯೊ ಆ ಪ್ರಶ್ನೆಯನ್ನು ಬೇರೊಂದು ಕೋಣೆಯಿಂದ ಒಂದು ಧ್ವನಿ ಓದುತ್ತದೆ. ಆರು ಜನರೂ ಒಂದು ನಿಮಿಷ ತಲೆಗೆ ತಲೆ ಹಚ್ಚಿ ಚರ್ಚಿಸುತ್ತಾರೆ. ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದಕ್ಕಿಂತ ಊಹಿಸಿ, ತರ್ಕಿಸಿ ಬಿಡಿಸುವ ಪ್ರಶ್ನೆಗಳೇ ಅಲ್ಲಿ ಹೆಚ್ಚು. ಪಂಡಿತರು ತಪ್ಪಿದರೆ ಅಂಕ ದೊರೆಯುವುದು ಪ್ರಶ್ನೆ ಕಳುಹಿಸಿದ ಎಲ್ಲಿಯದೋ ಊರಿನ ವೀಕ್ಷಕನಿಗೆ. ಒಬ್ಬರ ತಪ್ಪು ಇನ್ನೊಬ್ಬರ ಹಬ್ಬವಾಗುವುದರಿಂದ ಅಲ್ಲಿ ಮೂದಲಿಕೆಗೆ ಎಡೆ ಕಡಿಮೆ. ಸೋವಿಯತ್ ಕಾಲದಲ್ಲಿ ಬಹುಮಾನವಾಗಿ ಪುಸ್ತಕಗಳನ್ನು ಕೊಡುತ್ತಿದ್ದರು. 1991ರಲ್ಲಿ ಆ ವ್ಯವಸ್ಥೆ ಮುರಿದುಬಿದ್ದ ಕಾಲಕ್ಕೆ ಪುಸ್ತಕದ ಜಾಗಕ್ಕೆ ಹಣ ಬಂದಿತು.

ಜಪಾನಿನಲ್ಲಿ ಇನ್ನೊಂದು ಉಪಾಯ. 1986ರಿಂದ 2024ರವರೆಗೆ ವಾರವಾರವೂ ಪ್ರಸಾರವಾದ, ಜಗತ್ತಿನ ವಿಸ್ಮಯಗಳನ್ನು ಕುರಿತ ರಸಪ್ರಶ್ನೆಯೊಂದರಲ್ಲಿ ನಟರು ಮೊದಲಾದ ಪ್ರಸಿದ್ಧರು ನಿರೂಪಕ ಕುಸಾನೊ ಹಿತೋಶಿ ಅವರ ಹೋಲಿಕೆಯ ಪುಟ್ಟ ಗೊಂಬೆಗಳನ್ನು ಪಣವಾಗಿ ಇಡುತ್ತಿದ್ದರು. ಉತ್ತರ ತಪ್ಪಾದರೆ ಮಾಯವಾಗುತ್ತಿದ್ದುದು ಆ ಗೊಂಬೆ. ಸೋಲಿನ ಪೆಟ್ಟು ಉತ್ತರಿಸಿದವನಿಗಲ್ಲ, ಪ್ರಶ್ನೆ ಕೇಳಿದವನ ಪ್ರತಿಮೆಗೆ!

ಇನ್ನು ನಮ್ಮ ದೇಶದ ಮಾತು. 1985ರಲ್ಲಿ ದೂರದರ್ಶನದಲ್ಲಿ ‘ಕ್ವಿಜ್ ಟೈಮ್’ ನಡೆಸಿದ ಸಿದ್ಧಾರ್ಥ ಬಸು ಅವರ ಚುರುಕು ಇಂಗ್ಲಿಷನ್ನು ನಮ್ಮ ತಲೆಮಾರಿನವರು ಬೆರಗಿನಿಂದ ಕೇಳಿದ್ದುಂಟು. ಅರ್ಥವಾದದ್ದು ಅರ್ಧ, ಗೌರವ ಮಾತ್ರ ಪೂರ್ತಿ. ಅವರೇ ಮುಂದೆ ‘ಕೌನ್ ಬನೇಗಾ ಕರೋಡ್‌ಪತಿ’ಯ ತಯಾರಿಕೆಯಲ್ಲಿ ಪ್ರಮುಖರಾದರು. 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ಆ ವೇದಿಕೆಯ ಮೇಲೆ ಬಂದಾಗ ಕುರ್ಚಿ, ದೀಪ, ಸಂಗೀತ ಎಲ್ಲವೂ ಲಂಡನ್ನಿನವೇ. ಆದರೆ ಇಂಗ್ಲಿಷಿನಲ್ಲಿ ಇಲ್ಲದ ಒಂದು ಸಮಸ್ಯೆ ಇಲ್ಲಿ ಎದುರಾಗುತ್ತದೆ. ಆ ಭಾಷೆಯಲ್ಲಿ ರಾಜನಿಗೂ ರೈತನಿಗೂ ಸಂಬೋಧನೆ ಒಂದೇ. ಹಿಂದಿಯಲ್ಲಾಗಲಿ ಕನ್ನಡದಲ್ಲಾಗಲಿ ನೀನು ಎನ್ನಬೇಕೆ, ನೀವು ಎನ್ನಬೇಕೆ ಎಂಬುದನ್ನು ಬಾಯಿ ತೆರೆಯುವ ಮೊದಲೇ ನಿರ್ಧರಿಸಬೇಕು. ಬಚ್ಚನ್ನರು ಕೂಲಿಕಾರನಿಗೂ ಬಹುವಚನವನ್ನೇ ಬಳಸಿದರು. ಮಹಿಳೆಯರು ಕುಳಿತುಕೊಳ್ಳುವಾಗ ಕುರ್ಚಿ ಹಿಡಿದರು. ಉತ್ತರಗಳನ್ನು ದಾಖಲು ಮಾಡುವ ಯಂತ್ರವನ್ನೂ ‘ಕಂಪ್ಯೂಟರ್ ಜೀ’ ಎಂದು ಕರೆದರು. ಯಂತ್ರಕ್ಕೇ ‘ಜೀ’ ಸಲ್ಲುವ ಮನೆಯಲ್ಲಿ ಮನುಷ್ಯನಿಗೆ ಅವಮಾನವಾಗುವುದು ಕಷ್ಟ. ಕನ್ನಡದಲ್ಲಿ 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದಾಗ ಪುನೀತ್ ರಾಜ್‌ಕುಮಾರ್ ಅವರ ನಗುಮುಖದ ಮುಂದೆ ಹಳ್ಳಿಯಿಂದ ಬಂದವರು ಅಳುಕದೆ ಮಾತನಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಹಾಗೆಂದು ನಮ್ಮದೇ ಶ್ರೇಷ್ಠವೆಂದು ಬೆನ್ನು ತಟ್ಟಿಕೊಳ್ಳಲಾರೆ. ಇಂಥ ಕಾರ್ಯಕ್ರಮಗಳಲ್ಲಿ ವರ್ಷ ಕಳೆದಂತೆ ಪ್ರಶ್ನೆಗಳಿಗಿಂತ ಸ್ಪರ್ಧಿಯ ಬಡತನದ ಕಥೆಯೇ ಉದ್ದವಾಗುತ್ತ ಬಂದಿದೆ. ಸೋರುವ ಸೂರು, ತೀರದ ಸಾಲ, ತಾಯಿಯ ಕಣ್ಣೀರು: ಎಲ್ಲಕ್ಕೂ ಹಿನ್ನೆಲೆಯಲ್ಲಿ ಕೊಳಲೋ ಪಿಟೀಲೋ ನುಡಿಯುತ್ತದೆ. ಒಬ್ಬನ ಕಷ್ಟವನ್ನು ಹೀಗೆ ಸಂಗೀತ ಸೇರಿಸಿ ಬಡಿಸಿದಾಗ ಅವನಿಗೆ ಸಲ್ಲುತ್ತಿರುವುದು ಗೌರವವೊ ಕನಿಕರವೊ ತಿಳಿಯುವುದಿಲ್ಲ. ಅವನು ತಪ್ಪು ಉತ್ತರ ಕೊಟ್ಟಾಗ ನಾವು ಮರುಗುವುದು ಅವನ ಸಾಲಕ್ಕಾಗಿ. ಪ್ರಶ್ನೆ ಏನಾಗಿತ್ತೆಂಬುದು ಆಗಲೇ ಮರೆತುಹೋಗಿರುತ್ತದೆ. ಮ್ಯಾಗ್ನುಸನ್ನರ ಕುರ್ಚಿಯಲ್ಲಿ ಕುಳಿತ ಟ್ಯಾಕ್ಸಿ ಚಾಲಕನನ್ನು ಯಾರೂ ಅವನ ಬಾಡಿಗೆಯ ಬಗ್ಗೆ ಅಳಿಸಲಿಲ್ಲ.

ಈ ಎಲ್ಲದರ ನಡುವೆ ನಮ್ಮ ‘ಚಂದನ’ ವಾಹಿನಿಯಲ್ಲಿ ಸದ್ದಿಲ್ಲದೆ ನಡೆದುಬಂದ ಒಂದು ಕಾರ್ಯಕ್ರಮ ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡಿತು. ಅದನ್ನು ನಡೆಸಿಕೊಟ್ಟ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಸರಿಯುತ್ತರಕ್ಕೆ ಅಲ್ಲಿ ದೊರೆಯುತ್ತಿದ್ದುದು ಕೋಟಿಯಲ್ಲ, ಕನ್ನಡ ಪುಸ್ತಕ. ಸೋವಿಯತ್ ನಾಡು ಕೈಬಿಟ್ಟ ಪದ್ಧತಿ ಬೆಂಗಳೂರಿನಲ್ಲಿ ತನ್ನಷ್ಟಕ್ಕೆ ತಾನೇ ಚಿಗುರಿದಂತಾಯಿತು! ಉತ್ತರ ತಪ್ಪಾದರೆ ವೈದ್ಯರು ಗದರುವುದಿಲ್ಲ. ಸರಿಯಾದುದು ಯಾವುದು, ಏಕೆ ಎಂಬುದನ್ನು ಸಮಾಧಾನವಾಗಿ ವಿವರಿಸುತ್ತಾರೆ. ಮನೆಯಲ್ಲಿ ಕುಳಿತು ಅದೇ ತಪ್ಪನ್ನು ಮನಸ್ಸಿನಲ್ಲಿ ಮಾಡಿದ ನನ್ನಂಥವರಿಗೆ ಆ ವಿವರಣೆ ಎಷ್ಟೋ ಸಲ ಒದಗಿಬಂದಿದೆ. ದೀಪಗಳ ಆಟ ಅಲ್ಲಿ ಕಡಿಮೆ. ನೋಟದ ದೃಷ್ಟಿಯಿಂದ ತುಸು ಸಪ್ಪೆ ಎಂದರೂ ನಾನು ಜಗಳಕ್ಕೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕೊಡಗಿಗೆ ಹೋಗಿದ್ದೆ. ತಲಕಾವೇರಿಯ ಕುಂಡಿಕೆಯನ್ನು ನೋಡಿ, ಮೆಟ್ಟಿಲುಗಳನ್ನು ಹತ್ತಿ ಬ್ರಹ್ಮಗಿರಿಯ ನೆತ್ತಿಯ ಮೇಲೆ ನಿಂತೆ. ಪಕ್ಕದಲ್ಲಿದ್ದ ಸ್ಥಳೀಯ ವೃದ್ಧರೊಬ್ಬರು ಪಶ್ಚಿಮಕ್ಕೆ ಕೈತೋರಿಸಿ, “ಆಕಾಶ ತಿಳಿಯಾಗಿದ್ದರೆ ಅಲ್ಲಿ ಕಡಲು ಕಾಣುತ್ತದೆ ಅನ್ನುತ್ತಾರೆ” ಎಂದರು. ಬೆಟ್ಟದ ಆ ಮಗ್ಗುಲಿಗೆ ಬಿದ್ದ ಮಳೆಯ ನೀರೆಲ್ಲ ಅರಬ್ಬೀ ಸಮುದ್ರಕ್ಕೇ ಹರಿಯುತ್ತದೆ. ಕಾವೇರಿ ಮಾತ್ರ ಹತ್ತಿರದ ಆ ಕಡಲಿಗೆ ಬೆನ್ನು ತಿರುಗಿಸಿ, ಇಡೀ ದಕ್ಷಿಣ ಭಾರತವನ್ನು ದಾಟಿ ಪೂರ್ವಕ್ಕೆ ಹೋಗುತ್ತಾಳೆ. ಭೂಪಟವನ್ನು ಕಣ್ಣಿಟ್ಟು ನೋಡಿದ ಹುಡುಗನಿಗೆ ನದಿ ಹುಟ್ಟುವ ಜಾಗದ ಪಕ್ಕದಲ್ಲಿಯೇ ಸಮುದ್ರ ಕಂಡಿರಬೇಕು. ಅಂದು ಅವನು ಉತ್ತರಿಸುವ ಮೊದಲು ಸ್ವಲ್ಪ ಯೋಚಿಸಿದ್ದನ್ನು ನಾನು ನೋಡಿದ್ದೆ. ಏನು ಯೋಚಿಸಿದೆ ಎಂದು ಕೇಳಿರಲಿಲ್ಲ.